ಒಳಜೇಬು

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ
ಝೆರಾಕ್ಸ್ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ
ನನ್ನದೊಂದು ಹೊಲಿಗೆ ಯಂತ್ರ, ಒಂದು ಸ್ಟೂಲು.
ಬೋರ್ಡಿನಲ್ಲಿ ಬ್ಲೌಸು, ಫಾಲು, ಜಿಗ್‌ಜಾಗು ಅಂತಿದೆ.
ಒಳಜೇಬಿನ ವಿಷಯ ಬರೆಸಿಲ್ಲ.
ಬೇಕಾದವರಿಗೆ ಹೇಗೋ ಗೊತ್ತಾಗುತ್ತದೆ.

ನಿನ್ನೆ ಆಲೂರಿನಿಂದ ಲೋಲಾಕ್ಷಿ ಬಂದಿದ್ದಳು,
ಕೈಯಲ್ಲಿ ಎರಡು ಲಂಗ, ಕಂಕುಳಲ್ಲಿ ಫೈಲು.
ಮಸ್ಕತ್ತಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ,
ಶುಕ್ರವಾರ ವಿಮಾನ, ಮಂಗಳೂರಿನಿಂದ.
"ಅಕ್ಕಾ, ಯಾರಿಗೂ ಕಾಣಬಾರದು" ಅಂದಳು.
ಜೇಬಿನ ಮಾತೋ, ಭಯದ ಮಾತೋ.

ಸೊಂಟಕ್ಕೆ ಟೇಪು ಸುತ್ತುತ್ತ ನಾನು ಕೇಳುವುದೇ ಬೇರೆ:
ವೀಸಾದಲ್ಲಿ ಏನಂತಿದೆ, ಕೆಲಸ ಅಂತಲೋ ಪ್ರವಾಸ ಅಂತಲೋ?
ಕರಾರು ಓದಿ ಹೇಳಿದವರು ಯಾರು?
ಪಾಸ್‌ಪೋರ್ಟು ನನ್ನ ಹತ್ತಿರ ಇರಲಿ ಅಂದನಾ ಏಜೆಂಟು?
ಅಂದರೆ, ಆಯ್ತಣ್ಣ ಅನ್ನಬೇಡ.
ಉಸಿರು ಬಿಗಿ ಹಿಡಿಯಬೇಡ, ಅಳತೆ ತಪ್ಪುತ್ತೆ.
ಮಾತ್ರೆಗೆ ಡಾಕ್ಟರ ಚೀಟಿ ಇಟ್ಟುಕೊಂಡೆಯಾ?
ಹೊರಡುವ ಗಳಿಗೆಯಲ್ಲಿ ಯಾರಾದರೂ ಚಟ್ನಿಪುಡಿ ತಂದು
"ನಮ್ಮಣ್ಣನಿಗೆ ಮುಟ್ಟಿಸಮ್ಮ" ಅಂದರೆ
ಕೈ ಹಿಂದಕ್ಕೆ ಕಟ್ಟಿಕೋ.
ಹೆತ್ತವಳು ಕೊಟ್ಟರೂ ಬಿಚ್ಚಿ ನೋಡು.

ಅವಳು ನಕ್ಕಳು. ಟೇಪು ಅರ್ಧ ಇಂಚು ಜಾರಿತು.

ನಾನು ಜಿಲ್ಲೆ ದಾಟಿದ್ದು ಎರಡೇ ಸಲ,
ಒಮ್ಮೆ ಧರ್ಮಸ್ಥಳಕ್ಕೆ,
ಒಮ್ಮೆ ಯಜಮಾನರ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ.
ಇದೆಲ್ಲ ಹೋಗಿ ಬಂದವರ ಬಟ್ಟೆ ಹೇಳಿಕೊಟ್ಟದ್ದು.

ಅರಕಲಗೂಡಿನ ಶಮೀಮಬಾನು ಕೊಟ್ಟದ್ದು ಹಸಿರು ಲಂಗ.
ಏನು ತೋಚಿತೋ, ಜೇಬಿನ ಒಳಮೈಗೆ
ಕೆಂಪು ದಾರದಲ್ಲಿ ನನ್ನ ನಂಬರು ಹೊಲಿದಿದ್ದೆ,
ಏಳು ಒಂದರ ಹಾಗೆ ಕಾಣುತ್ತಿತ್ತು.
ಕಾಗದ ಬೆವರಿಗೆ ಕರಗುತ್ತದೆ, ಫೋನು ಕಿತ್ತುಕೊಳ್ಳುತ್ತಾರೆ,
ಲಂಗ ಯಾರು ಕೇಳುತ್ತಾರೆ.

ಐದು ತಿಂಗಳಾದ ಮೇಲೆ ರಾತ್ರಿ ಎರಡು ಗಂಟೆಗೆ:
"ಅಕ್ಕಾ, ನಾನು ಹಸಿರು ಲಂಗದವಳು."
ಹೆಸರು ಹೇಳುವಷ್ಟರಲ್ಲಿ ಕಟ್ಟಾಯಿತು.

ಬೆಳಗಿನವರೆಗೆ ನಾನೂ ಝೆರಾಕ್ಸಿನ ಗುರುಸಿದ್ದನೂ
ಅವನ ಕಸದ ಕಟ್ಟು ಬಿಚ್ಚಿ ಕೂತೆವು.
ಕಪ್ಪು ಪಟ್ಟೆ ಬಿದ್ದು ಕೆಟ್ಟ ಒಂದು ಪ್ರತಿ,
ಬೆನ್ನಿಗೆ ಅವನು ಹಾಲಿನ ಲೆಕ್ಕ ಬರೆದಿದ್ದ,
ಮುಂದೆ ಪಾಸ್‌ಪೋರ್ಟಿನ ಅವಳ ಮುಖ, ಅರ್ಧ.
ರಾಯಭಾರ ಕಚೇರಿಗೆ ಹೋದದ್ದು ಅದೇ ಹಾಳೆ,
ಹಾಲಿನವನಿಗೆ ನೂರಾ ಎಂಬತ್ತು ಬಾಕಿ ಸಮೇತ.

ನಲವತ್ತು ದಿನಕ್ಕೆ ಬಂದಳು.
ಅಲ್ಲಿಯದೇನೂ ಹೇಳಲಿಲ್ಲ.
ನಾಲ್ಕು ಚೂಡಿದಾರ್ ಮೇಜಿನ ಮೇಲಿಟ್ಟು
"ಎರಡೆರಡು ಹೊಲಿಗೆ ಒಳಗೆ ಹಿಡೀರಿ" ಅಂದಳು.
ಹಿಡಿದೆ.

ಅಂದಿನಿಂದ ಎಲ್ಲರ ಜೇಬಿಗೂ ನಂಬರು.
ಕೂಲಿ ಅರವತ್ತು, ತೆಗೆದುಕೊಳ್ಳುವುದು ಮೂವತ್ತು.
ಉಳಿದದ್ದು ನೋಟುಬುಕ್ಕಿನಲ್ಲಿ ಬಾಕಿ.
ಬೇಲೂರಿನ ದೇವೀರಮ್ಮ ಮಾತ್ರ ಕೇಳಲಿಲ್ಲ,
"ಋಣ ಇಟ್ಟು ಹೊರಡಬಾರದು ಕಣೇ" ಅಂತ ಪೂರ್ತಿ ಕೊಟ್ಟಳು.
ಆ ಪುಟಕ್ಕೆ ಬಂದಾಗ
ಎರಡು ಹಾಳೆ ಒಟ್ಟಿಗೆ ತಿರುಗಿಸುತ್ತೇನೆ.

ಲೋಲಾಕ್ಷಿ ಅರವತ್ತು ಚಾಚಿದಳು. ಮೂವತ್ತು ವಾಪಸ್ಸು ತುರುಕಿದೆ.
"ಹೋಗ್ತೀನಿ ಅಕ್ಕಾ."
"ಏನಂದೆ?"
ನಾಲಿಗೆ ಕಚ್ಚಿಕೊಂಡಳು. "ಬರ್ತೀನಿ ಅಕ್ಕಾ."
"ಹೂಂ. ಹೋಗಿ ಬಾ."

ಕೋಳಿ ಅಂಗಡಿ ದಾಟಿದವಳು ಓಡುತ್ತ ತಿರುಗಿ ಬಂದಳು,
ಫೈಲು ನನ್ನ ಮೇಜಿನ ಮೇಲೇ ಇತ್ತು.
ಹೊರಟವರು ಮರೆತು ವಾಪಸ್ಸಾದರೆ ಅಪಶಕುನ ಅಂತಾರೆ.
ಕೂರಿಸಿದೆ, ನೀರು ಕೊಟ್ಟೆ, ಬೈದೆ.
ಒಳಗೊಳಗೆ ಮಾತ್ರ ಬೆರಳು ಮಡಚಿಕೊಂಡೆ:

ಒಂದು ಸಲ ಬಂದಳು.